ಮೈಕಿನವರ ಸಣ್ಣ ಕೆಲಸಗಳು

ಉತ್ಥಾನ ದ್ವಾದಶಿ ಕಳೆದು ತುಳಸಿಕಟ್ಟೆಯ ದೀಪಗಳು ಆರಿದ ಬಳಿಕ, ಮುಂಗಾರು ಮತ್ತೆ ಕಡಲಿನಿಂದ ಎದ್ದು ಬರುವವರೆಗಿನ ಆರೇಳು ತಿಂಗಳ ಕಾಲ, ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಸೀಮೆಯಲ್ಲಿ ಸದ್ದಿಲ್ಲದ ರಾತ್ರಿಯೆಂಬುದು ಅಪರೂಪ. ಕೋಟೇಶ್ವರದ ಕೊಡಿ ಹಬ್ಬವಾಗಲಿ, ಮಾರಣಕಟ್ಟೆಯ ಮಕರ ಸಂಕ್ರಮಣದ ಜಾತ್ರೆಯಾಗಲಿ, ಯುವಕ ಮಂಡಲದ ವಾರ್ಷಿಕೋತ್ಸವವಾಗಲಿ, ಮದುವೆ, ಮನೆ ಒಕ್ಕಲು, ಸತ್ಯನಾರಾಯಣ ಪೂಜೆಗಳಾಗಲಿ, ಪುರೋಹಿತರಿಗೂ ಅಡುಗೆಯವರಿಗೂ ಹೇಳಿಕೆ ಹೋಗುವಾಗಲೇ ಮೈಕಿನವರಿಗೂ ಹೇಳಿಕೆ ಹೋಗುವುದು ಇಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ.

ಮೊದಲು ಅವರ ಸಂಪತ್ತೆಂದರೆ ಒಂದು ಆಂಪ್ಲಿಫಯರು, ಒಂದೆರಡು ಹಾರ್ನುಗಳು, ಗ್ರಾಮಫೋನ್ ತಟ್ಟೆಗಳ ಒಂದು ಪೆಟ್ಟಿಗೆ. ತೆಂಗಿನ ಮರದ ಅರ್ಧಕ್ಕೆ ಹಾರ್ನನ್ನು ಬಿಗಿದು, ಅದರ ಬಾಯನ್ನು ಗದ್ದೆಬಯಲಿನತ್ತ ತಿರುಗಿಸಿ, ಬೆಳಗಿನ ಜಾವ ದೇವರ ನಾಮವನ್ನು ಹಾಕಿದರೆಂದರೆ, ಇಂತಹವರ ಮನೆಯಲ್ಲಿ ಇಂದು ಶುಭಕಾರ್ಯವೆಂಬುದು ಹೊಳೆಯ ಆಚೆಯ ಊರಿಗೂ ತಿಳಿದುಹೋಗುತ್ತಿತ್ತು. ತಟ್ಟೆ ಹೋಗಿ ಕ್ಯಾಸೆಟ್ಟು ಬಂದಿತು. ಕ್ಯಾಸೆಟ್ಟು ಹೋಗಿ ಸೀಡಿಯೂ ಪೆನ್‌ಡ್ರೈವೂ ಬಂದವು. ಮದುವೆಯ ಮುನ್ನಾದಿನ ಹೆಂಗಸರು ಸೇರಿ ನಡೆಸುತ್ತಿದ್ದ ಮದರಂಗಿಯ ಶಾಸ್ತ್ರವು ಮೆಹಂದಿಯೆಂಬ ರಾತ್ರಿಯ ಸಂಭ್ರಮವಾಗಿ ಬೆಳೆದಾಗ, ಮೈಕಿನಂಗಡಿಯ ಹುಡುಗರಲ್ಲಿಯೇ ಚುರುಕಾದವನು ಡಿಜೆಯಾದನು. ಹೊರಗಿನಿಂದ ಬಂದವನಲ್ಲ ಅವನು. ನಿನ್ನೆ ಮೊನ್ನೆ ವಯರು ಸುತ್ತಿದ ಕೈಯೇ ಇಂದು ಎರಡು ಹಾಡುಗಳ ತಾಳವನ್ನು ಕೂಡಿಸಿ, ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಬೆಸೆಯುವ ಕೈಯಾಯಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾದ ಮೇಲೆ, 2019ರಲ್ಲಿ ಸ್ಪಾಟಿಫೈಯೂ ಯೂಟ್ಯೂಬ್ ಮ್ಯೂಸಿಕ್ಕೂ ಭಾರತಕ್ಕೆ ಕಾಲಿಟ್ಟ ಮೇಲೆ, ಜಗತ್ತಿನ ಹಾಡುಗಳೆಲ್ಲ ಪ್ರತಿಯೊಬ್ಬರ ಜೇಬಿನೊಳಗೆ ಬಂದು ಸೇರಿದವು. ಇದರಿಂದ ನಮ್ಮ ಸೀಮೆಗೆ ಆದ ಉಪಕಾರವನ್ನು ಮರೆಯುವಂತಿಲ್ಲ. ಬಸ್ರೂರಿನವರೇ ಆದ ರವಿ ಬಸ್ರೂರು ಅವರು ಕೆ.ಜಿ.ಎಫ್. ಚಿತ್ರಕ್ಕೆ ನೀಡಿದ ಸಂಗೀತವು ದೇಶಾಂತರಗಳ ಕಿವಿಗಳನ್ನು ಮುಟ್ಟಿದುದರಲ್ಲಿ ಈ ಹೊಸ ದಾರಿಯ ಪಾಲೂ ಉಂಟು. ಆದರೆ ಇದೇ ಕಾಲದಲ್ಲಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಬ್ಲೂಟೂತ್ ಸ್ಪೀಕರು ಮನೆಮನೆಗೆ ಬಂದಿತು. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸುವ ಬಂಧುಗಳು ಮೇ ತಿಂಗಳಲ್ಲಿ ಊರಿಗೆ ಬರುವಾಗ ಚೀಲದಲ್ಲಿ ಅದೂ ಬರುತ್ತದೆ. ಗಲ್ಫಿನಿಂದ ಬರುವವರು ಚಕ್ರವುಳ್ಳ, ಬಣ್ಣದ ದೀಪ ಮಿನುಗುವ ದೊಡ್ಡದನ್ನೇ ತರುತ್ತಾರೆ. ತೊಟ್ಟಿಲ ಶಾಸ್ತ್ರಕ್ಕೆ, ಹುಟ್ಟುಹಬ್ಬಕ್ಕೆ, ಐವತ್ತು ಜನರ ಮನೆ ಒಕ್ಕಲಿಗೆ ಈಗ ಮೈಕಿನವರಿಗೆ ಹೇಳಿಕೆಯಿಲ್ಲ.

ದೊಡ್ಡ ಕೆಲಸಕ್ಕೆ ಇದರಿಂದ ಧಕ್ಕೆಯಾಗಿಲ್ಲವೆಂಬುದನ್ನು ಒಪ್ಪಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ ಆರು ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಆ ಆರನ್ನು ಮರಳಿ ಪಡೆಯಬೇಕಾದರೆ ಶಕ್ತಿಯನ್ನು ನಾಲ್ಮಡಿಗೊಳಿಸಬೇಕು. ಆದುದರಿಂದ ಸಾವಿರ ಜನ ಸೇರಿದ ಗದ್ದೆಯ ಕೊನೆಯ ಸಾಲಿಗೆ ಮಾತನ್ನು ಮುಟ್ಟಿಸುವುದು ಅಂಗೈಯಗಲದ ಪೆಟ್ಟಿಗೆಯ ಅಳವಲ್ಲ. ಕೊಲ್ಲೂರು, ಜಡ್ಕಲ್, ಮುದೂರುಗಳ ಕಡೆಯ ಕಾಡಂಚಿನ ಮನೆಗಳಲ್ಲಿ ನೆಟ್‌ವರ್ಕು ಕೈಕೊಟ್ಟಾಗ, ನಡುಹಾಡಿನಲ್ಲಿ ನಿಂತುಹೋಗುವ ಫೋನನ್ನು ನಂಬಿ ಯಾರೂ ಮೆಹಂದಿಯನ್ನು ನಡೆಸಲಾರರು. ಹಾಡುಗಳನ್ನೆಲ್ಲ ತನ್ನ ಲ್ಯಾಪ್‌ಟಾಪಿನಲ್ಲಿಯೇ ತುಂಬಿಕೊಂಡು ಬರುವ ಡಿಜೆಯೇ ಅಲ್ಲಿಗೆ ಬೇಕು. ಹೋದದ್ದು ಸಣ್ಣ ಕೆಲಸ. ಆ ಸಣ್ಣ ಕೆಲಸಗಳ ಮೌಲ್ಯವನ್ನು ನಾವು ಬಾಡಿಗೆಯ ಹಣದಿಂದ ಮಾತ್ರ ಅಳೆಯುತ್ತಿದ್ದೇವೆಂಬುದೇ ನನ್ನ ವ್ಯಥೆ.

ಏಕೆಂದರೆ ಈ ವೃತ್ತಿಗೆ ಬೇರೆ ಪಾಠಶಾಲೆಯೆಂಬುದಿಲ್ಲ. ಹತ್ತನೆಯ ತರಗತಿಯನ್ನು ಮುಗಿಸಿ ಅಂಗಡಿಗೆ ಸೇರಿದ ಹುಡುಗನನ್ನು ಯಾರೂ ಮೊದಲ ದಿನವೇ ರಥೋತ್ಸವಕ್ಕೆ ಕಳುಹಿಸರು. ಅವನ ಕೈಗೆ ಸಿಗುವುದು ಯಾವುದೋ ಪೂಜೆಯ ಎರಡು ಬಾಕ್ಸು, ಒಂದು ಮೈಕು. ವಯರನ್ನು ಮೊಣಕೈಗೆ ಸುತ್ತಿದರೆ ಒಳಗಿನ ಎಳೆ ಮುರಿಯುವುದೆಂದೂ, ಒಂದು ಸುತ್ತನ್ನು ಮೇಲಿನಿಂದ, ಮತ್ತೊಂದನ್ನು ಅಡಿಯಿಂದ ತಂದು ಸುತ್ತಿದರೆ ಮರುದಿನ ಗಂಟಿಲ್ಲದೆ ಬಿಚ್ಚಿಕೊಳ್ಳುವುದೆಂದೂ ಅವನು ಅಲ್ಲಿ ಕಲಿಯುತ್ತಾನೆ. ಬಾಕ್ಸನ್ನು ಮೈಕಿನ ಹಿಂದೆ ಇಟ್ಟರೆ ಅದು ಕಿರಿಚುವುದನ್ನೂ, ಅದನ್ನು ಎರಡು ಹೆಜ್ಜೆ ಮುಂದಕ್ಕೆ ಸರಿಸಿದೊಡನೆ ಆ ಕಿರಿಚು ನಿಲ್ಲುವುದನ್ನೂ ಕಾಣುತ್ತಾನೆ. ಅಕಾಲದ ಮಳೆಗೆ ಮೊದಲು ಹೊದಿಸಬೇಕಾದುದು ತನ್ನ ತಲೆಯನ್ನಲ್ಲ, ಆಂಪ್ಲಿಫಯರನ್ನು ಎಂಬುದನ್ನು ನೆನಪಿನಲ್ಲಿಡುತ್ತಾನೆ. ಇವೆಲ್ಲಕ್ಕಿಂತ ಸೂಕ್ಷ್ಮವಾದ ಶಿಕ್ಷಣವೊಂದುಂಟು: ಪುರೋಹಿತರ ಮುಖವನ್ನು ನೋಡುತ್ತ ಕುಳಿತು, ಮುಹೂರ್ತ ಹತ್ತಿರವಾದುದನ್ನರಿತು, ಯಾರೂ ಹೇಳುವುದಕ್ಕೆ ಮೊದಲೇ ಹಾಡನ್ನು ಮೆಲ್ಲಗೆ ಇಳಿಸಿ ವಾಲಗಕ್ಕೆ ಎಡೆಮಾಡಿಕೊಡುವುದು. ಈ ಇಳಿಸುವ ವಿದ್ಯೆ ಬಂದವನಿಗೆ ಮಾತ್ರ ಏರಿಸುವ ಅಧಿಕಾರವನ್ನು ಕೊಡುತ್ತಿದ್ದ ಹಿರಿಯ ಮೈಕಿನವರನ್ನು ಈ ಸೀಮೆ ಕಂಡಿದೆ.

ಡಿಜೆಗಳ ಅತಿರೇಕವನ್ನು ನಾನು ಸಮರ್ಥಿಸುತ್ತಿಲ್ಲ. ನಡುರಾತ್ರಿ ಮೀರಿದ ಮೇಲೂ ಕಿಟಕಿಯ ಗಾಜು ಅದುರುವಂತೆ ಬಾರಿಸಿ, ಪಕ್ಕದ ಮನೆಯ ವೃದ್ಧರಿಗೂ ಶಿಶುಗಳಿಗೂ ನಿದ್ರೆಗೆಡಿಸುವುದು ಅಪರಾಧವೇ ಸರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮಿತಿಯನ್ನು ವಿಧಿಸಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿರುವುದು ನ್ಯಾಯವಾದುದು. ಆದರೆ ಅಂಗಡಿಯಿರುವವನಿಗೆ ಒಂದು ಹೆಸರಿದೆ, ನಾಳೆಯೂ ಅದೇ ಊರಿನಲ್ಲಿ ತಿರುಗಬೇಕಾದ ದಾಕ್ಷಿಣ್ಯವಿದೆ; ನೆರೆಯ ಹಿರಿಯರೊಬ್ಬರು ಬಂದು "ಹ್ವಾಯ್, ಒಂಚೂರ್ ಸಣ್ಣ ಮಾಡಿ ಮರ್ರೆ" ಎಂದರೆ ಕೇಳುವುದಕ್ಕೆ ಅಲ್ಲಿ ಒಬ್ಬ ಮನುಷ್ಯನಿದ್ದಾನೆ. ಅಂಗಳದ ಮೂಲೆಯಲ್ಲಿ ತಾನಾಗಿ ಹಾಡಿಕೊಳ್ಳುತ್ತಿರುವ ಪೆಟ್ಟಿಗೆಯ ಮುಂದೆ ನಿಂತು ಅದೇ ಹಿರಿಯರು ಯಾರಿಗೆ ಹೇಳಬೇಕು? ಫೋನು ಯಾರದೆಂದು ಹುಡುಕುವಷ್ಟರಲ್ಲಿ ಮತ್ತೆ ನಾಲ್ಕು ಹಾಡುಗಳು ಕಳೆದಿರುತ್ತವೆ.

ನನ್ನ ಚಿಂತೆ ವಿಶೇಷವಾಗಿ ಯಕ್ಷಗಾನವನ್ನು ಕುರಿತದ್ದು. ದೊಡ್ಡ ಮೇಳಗಳು ತಮ್ಮ ವ್ಯವಸ್ಥೆಯನ್ನು ತಾವು ನೋಡಿಕೊಂಡಾವು. ಹವ್ಯಾಸಿ ಸಂಘಗಳ ಆಟಕ್ಕೂ ತಾಳಮದ್ದಳೆಗೂ ಊರಿನ ಮೈಕಿನವರೇ ಗತಿ. ಭಾಗವತರು ವಿಲಂಬದಲ್ಲಿ ಕರುಣರಸದ ಪದ್ಯವನ್ನೆತ್ತಿಕೊಂಡಾಗ ಮದ್ದಳೆಯ ಮೃದುವಾದ ನಾದವು ಅವರ ಕಂಠದಡಿಯಲ್ಲಿಯೇ ಉಳಿಯಬೇಕು. ಮರುಗಳಿಗೆಯಲ್ಲಿ ವೀರನ ಪ್ರವೇಶಕ್ಕೆ ಚಂಡೆ ಮೊಳಗಿದಾಗ, ಆ ಆರ್ಭಟವು ಭಾಗವತರ ಮೈಕಿಗೂ ನುಗ್ಗಿ ಸಾಹಿತ್ಯವನ್ನೇ ನುಂಗದಂತೆ ಮಿಕ್ಸರಿನ ಮೇಲಿನ ಬೆರಳು ಕ್ಷಣಾರ್ಧದಲ್ಲಿ ಸರಿಯಬೇಕು. ಪ್ರಸಂಗವನ್ನರಿಯದವನಿಗೆ ಇದು ಸಾಧ್ಯವಿಲ್ಲ. ಮುಂದಿನ ಪದ್ಯ ಯಾವುದೆಂದು ತಿಳಿದಿರುವುದರಿಂದಲೇ ಅವನ ಬೆರಳು ಮೊದಲೇ ಸಿದ್ಧವಾಗಿರುತ್ತದೆ. ಅಂತಹ ಬೆರಳು ಹುಟ್ಟಿದ್ದು ಸತ್ಯನಾರಾಯಣ ಪೂಜೆಯ ಎರಡು ಬಾಕ್ಸುಗಳ ಬಳಿಯಲ್ಲಿ.

ಆದುದರಿಂದ ಮನೆಯವರಷ್ಟೇ ಕುಳಿತು ಕೇಳುವ ಸಂಜೆಗೆ ಬ್ಲೂಟೂತ್ ಸ್ಪೀಕರು ಇರಲಿ, ಅದು ಕೊಡುವ ಸಂತೋಷ ಸಣ್ಣದಲ್ಲ. ಆದರೆ ನೆರೆಕರೆಯವರನ್ನು ಕರೆದು, ಎಲೆ ಹಾಕಿ, ನಾಲ್ಕು ಜನರ ಮುಂದೆ ನಡೆಸುವ ಕಾರ್ಯವಾದರೆ, ಅಡುಗೆಯವರಿಗೆ ವೀಳ್ಯ ಕೊಟ್ಟ ದಿನವೇ ಮೈಕಿನವರಿಗೂ ಒಂದು ಮಾತು ಹೇಳಿ, ಹೊಸದಾಗಿ ಸೇರಿದ ಹುಡುಗನನ್ನೇ ಕಳುಹಿಸುವಂತೆ ಕೇಳಬೇಕು; ಅವನ ಕೈಯಲ್ಲಿ ಮೈಕು ಒಂದು ಸಲ ಕಿರಿಚಿದರೆ ಸೇರಿದವರು ತಾಳಿಕೊಳ್ಳಬೇಕು; ಬಾಡಿಗೆಯನ್ನು ಚೌಕಾಶಿ ಮಾಡದೆ ಕೊಟ್ಟು, ಉಳಿದವರೊಡನೆ ಅವನನ್ನೂ ಊಟದ ಪಂಕ್ತಿಗೆ ಕೂರಿಸಬೇಕು.