ಹಲ್ಲಿಗೆ ಕಂಬಿ: ಎಲ್ಲಿ, ಯಾಕೆ, ಎಷ್ಟು?

(1/5)
ಸ್ಟೋರಿಗೆ ಬ್ರೇಸಸ್ ಫೋಟೋ ಹಾಕಿದ್ದೇ ತಡ, "ಎಲ್ಲಿ ಹಾಕಿಸ್ದೆ, ಎಷ್ಟಾಯ್ತು, ನೋವಾಗುತ್ತಾ" ಅಂತ ಅರ್ಧ ಕ್ಲಾಸ್ ಮೆಸೇಜ್ ಮಾಡಿದ್ರಿ. ಎಲ್ಲರಿಗೂ ಸೇರಿಸಿ ಇಲ್ಲೇ ಬರೀತೀನಿ.
ನಂದು ಕೆಳಗಡೆ ಹಲ್ಲಿನ ಮೇಲೆ ಹಲ್ಲು, ಮೇಲ್ಗಡೆ ಎರಡು ಕೋರೆಹಲ್ಲು ಹೊರಗೆ. "ಜೋಡು ಹಲ್ಲು ಅದೃಷ್ಟ ಕಣೇ" ಅಂತಾರೆ ಅಜ್ಜಿ. "ಮದ್ವೆಗೆ ಮುಂಚೆ ಸರಿ ಮಾಡಿಸ್ಬಿಡಿ" ಅಂತಾರೆ ಅತ್ತೆ. ನನ್ನ ಕಾರಣ ಎರಡೂ ಅಲ್ಲ. ಆ ಸಂದಿಗೆ ಬ್ರಷ್ ಹೋಗ್ತಿರಲಿಲ್ಲ, ದಿನಾ ವಸಡಲ್ಲಿ ರಕ್ತ.

(2/5)
ನಮ್ಮ ವಿಜಯನಗರದಲ್ಲಿ ಡೆಂಟಲ್ ಕ್ಲಿನಿಕ್ ಬೋರ್ಡಿಗೇನೂ ಬರ ಇಲ್ಲ. ಬೋರ್ಡ್ ಓದೋದು ಕಲೀಬೇಕು ಅಷ್ಟೇ. ಬಿಡಿಎಸ್ ಅಂದ್ರೆ 4 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಆಮೇಲೆ ಹಲ್ಲಿನ ಸಾಲು ಸರಿ ಮಾಡೋದನ್ನೇ ಇನ್ನೂ 3 ವರ್ಷ ಓದಿದವರು ಎಂಡಿಎಸ್ ಆರ್ಥೋಡಾಂಟಿಕ್ಸ್. ಬರೀ "ಎಂಡಿಎಸ್" ಅಂತಿದ್ರೆ ಯಾವ ವಿಷಯ ಅಂತ ಕೇಳಿ. ಮಕ್ಕಳ ಹಲ್ಲಿಗೆ, ವಸಡಿಗೆ ಬೇರೆ ಬೇರೆ ಎಂಡಿಎಸ್ ಇದೆ.
ಒಂದು ಕಡೆ ಎಕ್ಸ್‌ರೇ ಕೂಡ ತೆಗೀದೆ ಎರಡೇ ನಿಮಿಷದಲ್ಲಿ ರೇಟ್ ಹೇಳಿ, "ಈ ವಾರ ಆಫರ್ ಇದೆ" ಅಂದ್ರು. ಅಪ್ಪ "ಯೋಚ್ನೆ ಮಾಡಿ ಬರ್ತೀವಿ" ಅಂತ ಎದ್ದೇಬಿಟ್ರು.

(3/5)
ಹಲ್ಲು ಅಷ್ಟು ಗಟ್ಟಿ ಇರುತ್ತಲ್ಲ, ಹೇಗೆ ಜರುಗುತ್ತೆ? ಬೇರಿಗೂ ಮೂಳೆಗೂ ನಡುವೆ ತೆಳ್ಳಗಿನ ಪದರ ಇದೆ. ಕಂಬಿ ಮೆಲ್ಲಗೆ ಒತ್ತಿದ ಕಡೆ ಮೂಳೆ ಕರಗುತ್ತೆ, ಬಿಟ್ಟು ಬಂದ ಕಡೆ ಹೊಸ ಮೂಳೆ ಬೆಳೆಯುತ್ತೆ. ತಿಂಗಳಿಗೆ ಹೆಚ್ಚುಕಮ್ಮಿ 1 ಮಿ.ಮೀ. ಅದಕ್ಕೇ ಒಂದೂವರೆ ಎರಡು ವರ್ಷ ಬೇಕು. ಅರ್ಜೆಂಟ್ ಅಂತ ಜೋರಾಗಿ ಎಳೆದ್ರೆ ಬೇರೇ ಸವೆಯಬಹುದು.
ನನಗೆ ನಾಲ್ಕು ಹಲ್ಲು ಕೀಳಬೇಕು ಅಂದ್ರು. "ಗಟ್ಟಿ ಹಲ್ಲು ಯಾಕೆ ಕೀಳ್ತೀರಾ ಡಾಕ್ಟ್ರೇ" ಅಂತ ಅಮ್ಮನ ಕಣ್ಣಲ್ಲಿ ನೀರು. ಅವರು ಎಕ್ಸ್‌ರೇ ತೋರಿಸಿ, "ಮೂರು ಜನರ ಸೀಟಲ್ಲಿ ನಾಲ್ಕು ಜನ ಕೂತಿದ್ದಾರಮ್ಮ" ಅಂದ್ರು. ಅರ್ಥ ಆಯ್ತು.

(4/5)
ದುಡ್ಡಿನ ವಿಷಯ. ಅದೇ ಜೂನಲ್ಲಿ ತಮ್ಮನ ಪಿಯು ಅಡ್ಮಿಷನ್. ಇದ್ದದ್ದು ಒಂದೇ ಚೀಟಿ ದುಡ್ಡು. ಕ್ಲಾಸಲ್ಲಿ ಕಲಿತ ಕಾಸ್ಟ್ ಶೀಟ್ ಮನೇಲಿ ಹಾಕಿದೆ. ಹೇಳೋ ರೇಟಲ್ಲಿ ಎಕ್ಸ್‌ರೇ, ಹಲ್ಲು ಕೀಳೋದು, ಬ್ರ್ಯಾಕೆಟ್ ಬಿದ್ರೆ ಮತ್ತೆ ಅಂಟಿಸೋದು, ಕೊನೆಗೆ ರಿಟೇನರ್, ಇಷ್ಟೂ ಸೇರಿದ್ಯಾ ಅಂತ ಒಂದೊಂದೂ ಕೇಳಿ, ಬರೆಸ್ಕೊಳ್ಳಿ.
ಮೈಸೂರಲ್ಲಿ ಡೆಂಟಲ್ ಕಾಲೇಜುಗಳಿವೆ: ಜೆಎಸ್‌ಎಸ್, ಫಾರೂಕಿಯಾ. ಇಂಥ ಕಡೆ ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಣೆದುರು ಮಾಡ್ತಾರೆ. ಖರ್ಚು ಸಾಮಾನ್ಯವಾಗಿ ಕಮ್ಮಿ, ಆದ್ರೆ ಅರ್ಧ ದಿನ ಹೋಗುತ್ತೆ, ಅಟೆಂಡೆನ್ಸ್ ನೋಡ್ಕೋಬೇಕು. ಒಂದು ಪ್ರಶ್ನೆ ಮಾತ್ರ ಮರೀಬೇಡಿ: "ನೀವು ಎಷ್ಟನೇ ವರ್ಷ?" ಕೊನೇ ವರ್ಷದವರಾದ್ರೆ ನಡುವೆ ಡಾಕ್ಟರ್ ಬದಲಾಗ್ತಾರೆ. ನಾನು ಆರಿಸಿದ್ದು ಕಾಲೇಜೇ. ತಮ್ಮನ ಫೀಸೂ ಕಟ್ಟಾಯ್ತು.
ಅಲೈನರ್ ಬಗ್ಗೆ ಕೇಳಿದವರಿಗೆ: ಇನ್ವಿಸಲೈನ್ ಕಂಪನಿ 1997ರಲ್ಲಿ ಶುರು ಮಾಡಿದ್ದು ಸ್ಟ್ಯಾನ್‌ಫರ್ಡಲ್ಲಿ ಎಂಬಿಎ ಓದಿದ ಇಬ್ಬರು, ಡೆಂಟಿಸ್ಟ್‌ಗಳಲ್ಲ! ಕಾಮರ್ಸ್‌ನವರು ಕಾಲರ್ ಎತ್ಕೊಳ್ಳಿ. ಆದ್ರೆ ದುಬಾರಿ, ದಿನಕ್ಕೆ 20-22 ಗಂಟೆ ಹಾಕ್ಕೊಂಡೇ ಇರಬೇಕು.

(5/5)
ನೋವು? ಮೊದಲ ನಾಲ್ಕೈದು ದಿನ ಮೊಸರನ್ನ, ಮೆತ್ತಗಿನ ಇಡ್ಲಿ. ಆಮೇಲೆ ಅಭ್ಯಾಸ ಆಗುತ್ತೆ. ಚಕ್ಕುಲಿ, ಕೋಡುಬಳೆ, ಸಂಕ್ರಾಂತಿ ಕಬ್ಬು, ಎಲ್ಲಕ್ಕೂ ಟಾಟಾ. ಕಂಬಿ ತೆಗೆದ್ಮೇಲೆ ರಿಟೇನರ್ ಹಾಕದಿದ್ರೆ ಹಲ್ಲು ಹಳೇ ಜಾಗಕ್ಕೆ ವಾಪಸ್ ಹೊರಡುತ್ತೆ, ಅದೂ ಗೊತ್ತಿರಲಿ.
ಇನ್ನೊಂದು ಮಾತು. ಕಂಬಿ ಎಲ್ಲರಿಗೂ ಬೇಕಾಗಿಲ್ಲ. ಕಚ್ಚೋಕೆ, ಅಗಿಯೋಕೆ, ಕ್ಲೀನ್ ಮಾಡೋಕೆ ತೊಂದ್ರೆ ಇಲ್ಲ, ನಿಮ್ಮ ನಗು ನಿಮಗಿಷ್ಟ ಅಂದ್ರೆ, ಯಾರ ಅತ್ತೆ ಹೇಳಿದ್ರೂ ಹಾಕಿಸ್ಬೇಡಿ.
ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ. ಸೇವ್ ಮಾಡ್ಕೊಳ್ಳಿ, ಕೋರೆಹಲ್ಲು ಫ್ರೆಂಡ್‌ಗೆ ಕಳ್ಸಿ 😬

#ಬ್ರೇಸಸ್‌ಡೈರಿ #ಮೈಸೂರು #ವಿಜಯನಗರ #ಬಿಕಾಂಬದುಕು