ಲೈಮ್ ಬೀದಿಯ ಅಪಾಯದ ಸಂತೆ

ಲಂಡನ್ ಮಹಾನಗರದ ಹಣಕಾಸಿನ ಪೇಟೆಯ ನಡುವೆ ಲೈಮ್ ಬೀದಿ ಎಂಬ ಕಿರಿದಾದ ಬೀದಿಯೊಂದುಂಟು. ಅಲ್ಲಿರುವ ಉಕ್ಕು, ಗಾಜುಗಳ ಸೌಧವನ್ನು ಮೊದಲ ಸಲ ಕಂಡವರು ಅದನ್ನು ಕಾರ್ಖಾನೆಯೆಂದೇ ಭ್ರಮಿಸುವರು. ಕೊಳವೆ, ಮೆಟ್ಟಿಲು, ಲಿಫ್ಟು ಎಲ್ಲವೂ ಗೋಡೆಯ ಹೊರಗಿವೆ. ರಿಚರ್ಡ್ ರಾಜರ್ಸ್ ಎಂಬ ವಾಸ್ತುಶಿಲ್ಪಿಯ ಕಲ್ಪನೆಯಿದು. 1986ರಲ್ಲಿ ಎರಡನೆಯ ಎಲಿಜಬೆತ್ ರಾಣಿ ಇದರ ಪ್ರಾರಂಭೋತ್ಸವ ನೆರವೇರಿಸಿದರು. ಸುಲಭವಾಗಿ ವಿಮೆ ದೊರೆಯದ ಅಪಾಯಗಳು ದೇಶದೇಶಗಳಿಂದ ಬಂದು ಸೇರುವ ಲಾಯ್ಡ್ಸ್ ಇದೇ.

ಲಾಯ್ಡ್ಸ್ ಒಂದು ವಿಮಾ ಕಂಪನಿಯೆಂದು ಹಲವರು ತಿಳಿದಿರುವರು. ವಾಸ್ತವವಾಗಿ ಅದೊಂದು ಸಂತೆ. ಸಿಂಡಿಕೇಟುಗಳೆಂಬ ಅನೇಕ ಕೂಟಗಳು ಒಂದೇ ಸೂರಿನಡಿ ಕುಳಿತು, ತಮ್ಮ ತಮ್ಮ ಬಂಡವಾಳದ ಮೇಲೆ ಅಪಾಯಗಳನ್ನು ಹೊರುತ್ತವೆ.

ಈ ಸಂತೆ ಹುಟ್ಟಿದ್ದು ಕಾಫಿಯ ಅಂಗಡಿಯಲ್ಲಿ. 17ನೆಯ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಅಂಗಡಿಗೆ ನಾವಿಕರೂ ವರ್ತಕರೂ ಬರುತ್ತಿದ್ದರು. ಹಡಗಿನ ವಿವರ ಬರೆದ ಹಾಳೆಯು ಒಬ್ಬರಿಂದೊಬ್ಬರಿಗೆ ಸಾಗುತ್ತಿತ್ತು. ಹಣವಂತರು ತಾವು ಹೊರುವ ಪಾಲನ್ನು ನಮೂದಿಸಿ ಕೆಳಗೆ ರುಜು ಹಾಕುತ್ತಿದ್ದರು. ಕೆಳಗೆ ಬರೆಯುವವನೆಂಬ ಅರ್ಥದಲ್ಲಿಯೇ ‘ಅಂಡರ್‌ರೈಟರ್’ ಎಂಬ ಹೆಸರು ಬಂದಿತು. ಲಾಯ್ಡ್ಸ್‌ನ ಸಮವಸ್ತ್ರದ ಪರಿಚಾರಕರನ್ನು ಇಂದಿಗೂ ವೇಟರುಗಳೆಂದೇ ಕರೆಯುವರು.

ಊರಿನ ಸಾವಿರ ಮನೆಗಳಲ್ಲಿ ವರ್ಷಕ್ಕೆ ಎಷ್ಟಕ್ಕೆ ಬೆಂಕಿ ತಗಲೀತೆಂಬುದನ್ನು ಹಿಂದಿನ ಲೆಕ್ಕಗಳಿಂದ ಊಹಿಸಬಹುದು. ಆದರೆ ಯುದ್ಧ ನಡೆದಿರುವ ಕಡಲಿನಲ್ಲಿ ಹಾಯುವ ಹಡಗಿಗೆ, ಆಕಾಶಕ್ಕೇರುವ ಉಪಗ್ರಹಕ್ಕೆ ಅಂಥ ಲೆಕ್ಕವೆಲ್ಲಿಯದು? ಇಲ್ಲಿ ಅನುಭವಿಯ ವಿವೇಚನೆಯೇ ಆಧಾರ. ದಲ್ಲಾಳಿಯು ಮೊದಲು ಆ ವಿಷಯ ಬಲ್ಲ ಹಿರಿಯ ಅಂಡರ್‌ರೈಟರನ ಬಳಿಗೆ ಹೋಗುವನು. ಆತ ಪ್ರಶ್ನೆಗಳನ್ನು ಕೇಳಿ, ದರವನ್ನೂ ಷರತ್ತುಗಳನ್ನೂ ಗೊತ್ತುಮಾಡಿ, ನೂರಕ್ಕೆ ಹತ್ತೋ ಹದಿನೈದೋ ಪಾಲನ್ನು ತಾನು ಹೊರುವನು. ಅವನ ರುಜುವನ್ನು ನಂಬಿ ಉಳಿದವರು ತಮ್ಮ ಪಾಲು ಸೇರಿಸುವರು. ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ ಎಂಬ ನಮ್ಮ ಗಾದೆಯ ತತ್ತ್ವವೇ ಇದು. ಇಂದು ಈ ಹಾಳೆಗಳು ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ಓಡಾಡುತ್ತವೆ. ಮುಖಾಮುಖಿ ಮಾತುಕತೆ ಮಾತ್ರ ನಿಂತಿಲ್ಲ.

ರುಜುವಿನ ಬೆಲೆ ತಿಳಿಯುವುದು ನಷ್ಟದ ದಿನ. 1906ರಲ್ಲಿ ಭೂಕಂಪದಿಂದಲೂ ಬೆಂಕಿಯಿಂದಲೂ ಸ್ಯಾನ್‌ಫ್ರಾನ್ಸಿಸ್ಕೋ ನಗರ ಹಾಳಾದಾಗ, ಕತ್‌ಬರ್ಟ್ ಹೀತ್ ಎಂಬ ಅಂಡರ್‌ರೈಟರ್ ಕರಾರಿನ ಷರತ್ತು ಏನೇ ಇರಲಿ, ತನ್ನ ಪಾಲಿಸಿದಾರರಿಗೆಲ್ಲ ಪೂರ್ಣ ಹಣ ಸಲ್ಲಿಸುವಂತೆ ತಂತಿ ಕಳುಹಿಸಿದನು. 1912ರಲ್ಲಿ ಮುಳುಗಿದ ಟೈಟಾನಿಕ್‌ಗೆ ಹತ್ತು ಲಕ್ಷ ಪೌಂಡಿನ ವಿಮೆಯಿತ್ತು. ಆ ಹಣವೂ ಸಂದಿತು. 1984ರಲ್ಲಿ ಎರಡು ಉಪಗ್ರಹಗಳು ಕಕ್ಷೆ ತಪ್ಪಿದಾಗ ವಿಮೆದಾರರು ಪರಿಹಾರ ಕೊಟ್ಟು ಅವುಗಳ ಒಡೆಯರಾದರು. ಅದೇ ನವೆಂಬರಿನಲ್ಲಿ ಡಿಸ್ಕವರಿ ನೌಕೆಯ ಗಗನಯಾತ್ರಿಗಳು ಅವೆರಡನ್ನೂ ಭೂಮಿಗೆ ತಂದರು.

ಆದರೆ ಈ ಸಂತೆಯ ಇತಿಹಾಸವೆಲ್ಲ ಉಜ್ವಲವಲ್ಲ. ಗುಲಾಮರನ್ನು ಸಾಗಿಸಿದ ಹಡಗುಗಳಿಗೂ ಇಲ್ಲಿ ವಿಮೆ ದೊರೆಯಿತು. ಆ ಪಾಪಕ್ಕಾಗಿ ಸಂಸ್ಥೆಯು 2020ರಲ್ಲಿ ಕ್ಷಮೆ ಯಾಚಿಸಿತು. ಹಿಂದೆ ಬಂಡವಾಳ ಹೂಡಿದ ಶ್ರೀಮಂತರ ಹೊಣೆಗೆ ಮಿತಿಯೇ ಇರಲಿಲ್ಲ. ಕಲ್ನಾರಿನ ಧೂಳಿನಿಂದ ಕಾಯಿಲೆ ಬಿದ್ದ ಕಾರ್ಮಿಕರ ಪರಿಹಾರದ ದಾವೆಗಳು ದಶಕಗಳ ಹಿಂದಿನ ಪಾಲಿಸಿಗಳ ಮೇಲೆ ಬಂದಾಗ, 1990ರ ಸುಮಾರಿಗೆ ಎಷ್ಟೋ ಮಂದಿ ಮನೆಮಾರು ಕಳೆದುಕೊಂಡರು. 1994ರಿಂದ ಮಿತವಾದ ಹೊಣೆಯುಳ್ಳ ಕಂಪನಿಗಳ ಬಂಡವಾಳಕ್ಕೆ ಬಾಗಿಲು ತೆರೆಯಿತು.

ಸೌಧದ ನಡುವೆ ಒಂದು ಹಳೆಯ ಗಂಟೆ ತೂಗುತ್ತಿದೆ. 1799ರಲ್ಲಿ ಚಿನ್ನ ಬೆಳ್ಳಿಗಳೊಡನೆ ಹಾಲೆಂಡಿನ ಕರಾವಳಿಯಲ್ಲಿ ಮುಳುಗಿದ ‘ಲುಟೀನ್’ ಎಂಬ ಹಡಗಿನದು. 1858ರಲ್ಲಿ ಮೇಲಕ್ಕೆ ಬಂದಿತು. ತಡವಾದ ಹಡಗು ಮುಳುಗಿತೆಂದರೆ ಒಂದು ಪೆಟ್ಟು, ಸುರಕ್ಷಿತವಾಗಿ ಬಂದಿತೆಂದರೆ ಎರಡು. ಸುದ್ದಿಯನ್ನು ಮೊದಲೇ ತಿಳಿದವನು ಉಳಿದವರನ್ನು ವಂಚಿಸಬಾರದೆಂದು, ಎಲ್ಲರ ಕಿವಿಗೂ ಒಂದೇ ಗಳಿಗೆಗೆ ಮುಟ್ಟಿಸುವ ಏರ್ಪಾಡದು. ಈಗ ಗಂಟೆ ಮೊಳಗುವುದು ವಿಶೇಷ ಸಂದರ್ಭಗಳಲ್ಲಿ ಮಾತ್ರ. ಅದರ ಸಮೀಪದಲ್ಲಿಯೇ ನಷ್ಟದ ಪುಸ್ತಕವಿದೆ. ಕಡಲು ನುಂಗಿದ ಹಡಗುಗಳ ಹೆಸರನ್ನು ಅದರಲ್ಲಿ ಇಂದಿಗೂ ಗರಿಯ ಲೇಖನಿಯಿಂದಲೇ ಬರೆಯುವರು.