ಒಂದು ಸವರನ್ ತೂಕದ ಹಕ್ಕಿ

ಆಂಡರ್ಸನ್‌ಪೇಟೆ
ಏಪ್ರಿಲ್ 19

ಪ್ರೀತಿಯ ಪುಟ್ಟಿಗೆ,

  ಅಪ್ಪನ ಮಂಡಿನೋವು ಕಡಿಮೆಯಾಗಿದೆ, ಮತ್ತೆ ಸ್ಕೂಟರ್ ಓಡಿಸುತ್ತಿದ್ದಾರೆ. ಹಾಗಾಗಿ ಬೆಳಗಿನ ಹೊತ್ತು ಬೇತಮಂಗಲದ ಕೆರೆಗೆ ಹೋಗಿಬರುವುದೂ ಶುರುವಾಗಿದೆ.

ಹೋದ ವಾರ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಅಮ್ಮಾ, ಕೆರೆ ತುಂಬ ಕೊಕ್ಕರೆ, ಬಾತು ಇರುವಾಗ ಎಲೆ ಮಧ್ಯೆ ಕಾಣಿಸದೇ ಇರೋ ಆ ಹಸಿರು ಹಕ್ಕಿ ಫೋಟೊನೇ ಯಾಕೆ ಕಳಿಸ್ತೀಯ?" ಅಂತ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬೇತಮಂಗಲದ ಕೆರೆ ನಿನಗೆ ಗೊತ್ತಿರುವುದೇ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್, ಆಂಧ್ರಕ್ಕೂ ತಮಿಳುನಾಡಿಗೂ ಹೋಗುವ ಮುಂಚೆ ಇಲ್ಲಿ ತಂಗುತ್ತದೆ. ಚಿನ್ನದ ಗಣಿಯ ಕಾಲದಲ್ಲಿ ಕೆಜಿಎಫ್‌ಗೆ ಕುಡಿಯುವ ನೀರು ಬರುತ್ತಿದ್ದುದು ಈ ಕೆರೆಯಿಂದಲೇ. ನಿನ್ನ ತಾತ ಗಣಿಗಿಳಿದು ದುಡಿದದ್ದು ಆ ನೀರು ಕುಡಿದು. ಎಷ್ಟೋ ವರ್ಷ ಹೊಳೆ ಬತ್ತಿಹೋಗಿ ಕೆರೆಯಂಗಳ ಬಿರುಕು ಬಿಟ್ಟಿದ್ದನ್ನು ನೀನೂ ಕಂಡಿದ್ದೀಯ. 2021ರ ಮಳೆಗೆ ಕೋಡಿ ಬಿದ್ದಾಗ ಊರಿಗೆ ಊರೇ ಹೋಗಿ ನೋಡಿತು. ಈಗ ಏರಿಯ ಕೆಳಗಿನ ತೋಪಿನಲ್ಲಿ ಹೊಂಗೆ ಚಿಗುರಿದೆ. ಹೊಂಗೆ ಚಿಗುರಿನಲ್ಲಿ ಹುಳ, ಹುಳ ಇದ್ದ ಕಡೆ ನನ್ನ ಉಲಿಯಕ್ಕಿ.

ಪುಸ್ತಕದಲ್ಲಿ ಇದಕ್ಕೆ ಗ್ರೀನಿಶ್ ವಾರ್ಬ್ಲರ್ ಎಂದು ಹೆಸರು. ಕಾಣುವುದಕ್ಕಿಂತ ಮೊದಲು ಕೇಳುತ್ತದೆ, ಎರಡು ತುಂಡಿನ ಚುರುಕು ದನಿ, "ಚಿಸ್‌ವೀ" ಎಂದು. ಆಮೇಲೆ ಎಲೆಯೊಂದು ಅಲುಗುತ್ತದೆ. ಮೈಯ ಮೇಲ್ಭಾಗ ಬೂದು ಬೆರೆತ ಹಸಿರು, ಹೊಟ್ಟೆ ಮಾಸಲು ಬಿಳಿ. ಕಣ್ಣಿನ ಮೇಲೆ ಉದ್ದಕ್ಕೆ ಎಳೆದ ತಿಳಿ ಹುಬ್ಬು. ರೆಕ್ಕೆಯ ಮೇಲೆ ಒಂದೇ ಒಂದು ಸಣ್ಣ ಬಿಳಿ ಗೀರು. ಗರಿ ಸವೆದಿದ್ದರೆ ಅದೂ ಅಳಿಸಿಹೋಗಿ, ಒಂದೆರಡು ಗರಿಯ ತುದಿಯಲ್ಲಿ ಮಾತ್ರ ಉಳಿದಿರುತ್ತದೆ. ಮೊನ್ನೆ ಒಂದು ಹಕ್ಕಿ ಚಿಗುರಿನ ಕೆಳಗೆ ಬಂದು, ಕೂರಲು ಜಾಗವಿಲ್ಲದೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು, ಎಲೆಯ ಅಡಿಯಿಂದ ಹಸಿರು ಹುಳವೊಂದನ್ನು ಕಿತ್ತುಕೊಂಡಿತು. ಆ ಕ್ಷಣದ ಚಿತ್ರದಲ್ಲಿ ಕೆಳಕೊಕ್ಕಿನ ನಸುಗೆಂಪು ಬಣ್ಣ ಕೂಡ ಸ್ಪಷ್ಟವಾಗಿದೆ. ನಿನಗೆ ಕಳಿಸಿದ್ದು ಅದನ್ನೇ.

ಇದರ ತೂಕ ಏಳೆಂಟು ಗ್ರಾಂ, ಪುಟ್ಟಿ. ಒಂದು ಸವರನ್ ಚಿನ್ನ ಎಷ್ಟು ತೂಗುತ್ತದೋ ಅಷ್ಟು. ಚಿನ್ನದ ಊರಿನಲ್ಲಿ ಹುಟ್ಟಿದ ನಿನಗೆ ಆ ತೂಕ ಅಂಗೈಗೇ ಗೊತ್ತು.

ಏರಿಯ ಕೊನೆಯಲ್ಲಿ ಜಾಲಿಯೂ ಲಂಟಾನವೂ ಹೆಣೆದುಕೊಂಡ ಪೊದೆಯಲ್ಲಿ ಇನ್ನೊಂದು ಹಕ್ಕಿ ಇದೆ, ಬ್ಲಿತ್ಸ್ ರೀಡ್ ವಾರ್ಬ್ಲರ್. ಹತ್ತೊಂಬತ್ತನೇ ಶತಮಾನದಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲಿತ್ 1849ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟ. ಹೆಸರಿನಲ್ಲಿ ಜೊಂಡು ಇದ್ದರೂ ಇಲ್ಲಿ ಇದು ಜೊಂಡಿನಲ್ಲಿ ಕಾಣುವುದು ಅಪರೂಪ, ಒಣ ಪೊದೆಯೇ ಸಾಕು. ಮೈ ಪೂರ್ತಿ ಮಣ್ಣುಕಂದು, ಕೊಕ್ಕು ಉದ್ದ. ಚಳಿಗಾಲವಿಡೀ "ಚಕ್, ಚಕ್" ಎಂದು ಬಿಡಿಬಿಡಿಯಾಗಿ ಕೂಗಿಕೊಂಡಿದ್ದ ಇದು ಹೊರಡುವ ದಿನಗಳು ಹತ್ತಿರವಾದಾಗ ಪೊದೆಯೊಳಗೇ ಮೆಲ್ಲಗೆ ಹಾಡು ಶುರುಮಾಡುತ್ತದೆ. ಈಗ ಅದೇ ನಡೆದಿದೆ. ಅಪ್ಪ ಏರಿಯ ಕಲ್ಲಿನ ಮೇಲೆ ಕಣ್ಣುಮುಚ್ಚಿ ಕೂತು ಕೇಳುತ್ತಾರೆ, ನಾನು ಕ್ಯಾಮೆರಾ ಹಿಡಿದು ಕಾಯುತ್ತೇನೆ.

ನೀನು ಕೊಡಿಸಿದ ಲೆನ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೂರ್ಯ ಬೆನ್ನಿಗಿರುವಂತೆ ನಿಲ್ಲುತ್ತೇನೆ. ಶಟರ್ ಸ್ಪೀಡ್ 1/1600ಕ್ಕಿಂತ ಕೆಳಗೆ ಇಳಿಸುವುದಿಲ್ಲ, ಅದಕ್ಕಾಗಿ ಐಎಸ್‌ಒ 3200ಕ್ಕೆ ಹೋಗಿ ಚಿತ್ರ ಸ್ವಲ್ಪ ಮರಳುಮರಳಾದರೂ ಚಿಂತೆಯಿಲ್ಲ. ಫೋಕಸ್‌ಗೆ ಒಂದೇ ಬಿಂದು; ಇಲ್ಲದಿದ್ದರೆ ಕ್ಯಾಮೆರಾ ಮುಂದಿನ ಎಲೆಯನ್ನು ಹಿಡಿದು ಕೂರುತ್ತದೆ. ಈ ಹಕ್ಕಿಗಳಲ್ಲಿ ಒಂದರಂತೆ ಇನ್ನೊಂದು ಇರುವುದರಿಂದ ತಲೆಯ ಪಕ್ಕ, ಮಡಿಚಿದ ರೆಕ್ಕೆ, ಬಾಲದ ಅಡಿ ಮೂರೂ ಸಿಗಬೇಕು. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವವರನ್ನು ನೋಡಿದ್ದೇನೆ. ನಾನು ಹಾಗೆ ಮಾಡುವುದಿಲ್ಲ. ದೂರ ಹಾರಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹೊತ್ತು ಇದು. ಇಲ್ಲದ ಶತ್ರುವನ್ನು ಹುಡುಕಿ ಅದು ಒಂದು ನಿಮಿಷ ಅಲೆದರೂ ಅಷ್ಟು ಆಹಾರ ನಷ್ಟ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇವು ಎಲ್ಲಿಗೆ ಹೊರಟಿವೆ ಗೊತ್ತೇ? ಯುರೋಪಿನಿಂದ ದೂರ ವಲಸೆ ಹೋಗುವ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಆಫ್ರಿಕಾ ಸೇರುತ್ತವೆ. ಈ ಎರಡರಂಥ ಕೆಲವು ನಮ್ಮ ದೇಶದ ದಾರಿ ಹಿಡಿಯುತ್ತವೆ. ಬೇಸಿಗೆಯಲ್ಲಿ ಇವು ಗೂಡು ಕಟ್ಟುವ ನಾಡು ಮಧ್ಯ ಏಷ್ಯಾ, ಸೈಬೀರಿಯಾ, ರಷ್ಯಾ ದಾಟಿ ಬಾಲ್ಟಿಕ್ ಸಮುದ್ರದವರೆಗೆ ಹಬ್ಬಿದೆ. ಬ್ಲಿತನ ಹಕ್ಕಿ ಕಳೆದ ಶತಮಾನದಲ್ಲಿ ಪಶ್ಚಿಮಕ್ಕೆ ಹರಡುತ್ತ ಹೋಗಿ ಈಗ ಫಿನ್ಲೆಂಡಿನಲ್ಲಿ ನೆಲೆಯೂರಿದೆ. ನೀನಿರುವ ಹೆಲ್ಸಿಂಕಿಗೆ ಇಲ್ಲಿಂದ ನೇರ ಗೆರೆ ಎಳೆದರೇ 7,000 ಕಿಲೋಮೀಟರಿಗೆ ಹತ್ತಿರ. ಹಿಮಾಲಯವನ್ನು ಬಲಕ್ಕೆ ಬಿಟ್ಟು ವಾಯವ್ಯದ ಕಡೆಯಿಂದ ಸುತ್ತಿ ಹೋಗುವ ಹಕ್ಕಿಗೆ ಇನ್ನೂ ಹೆಚ್ಚು. ಅಷ್ಟನ್ನೂ ಬಹುಪಾಲು ರಾತ್ರಿಯಲ್ಲಿ, ನಕ್ಷತ್ರ ಮತ್ತು ಭೂಮಿಯ ಕಾಂತಶಕ್ತಿಯ ಆಧಾರದಲ್ಲಿ, ಹಗಲು ಸಿಕ್ಕ ಪೊದೆಯಲ್ಲಿ ಮೇಯುತ್ತ ಹಾರಿ ಮುಗಿಸುತ್ತವೆ.

ಗ್ರೀನಿಶ್ ವಾರ್ಬ್ಲರ್‌ನದು ಇನ್ನೂ ದೊಡ್ಡ ಕಥೆ. ಈ ಹಕ್ಕಿಯ ಕುಲ ಟಿಬೆಟ್ ಪ್ರಸ್ಥಭೂಮಿಯ ಸುತ್ತ ಉಂಗುರದ ಹಾಗೆ ಹರಡಿಕೊಂಡಿದೆ. ಹಿಮಾಲಯದಲ್ಲಿ ಹಾಡು ಚಿಕ್ಕದು, ಸರಳ. ಪಶ್ಚಿಮದಿಂದ ಉತ್ತರಕ್ಕೂ ಪೂರ್ವದಿಂದ ಉತ್ತರಕ್ಕೂ ಹೋದಂತೆ ಹಾಡು ಉದ್ದವಾಗಿ, ಬೇರೆ ಬೇರೆ ರೀತಿಯಲ್ಲಿ ಬದಲಾಗುತ್ತ ಹೋಗುತ್ತದೆ. ಸೈಬೀರಿಯಾದಲ್ಲಿ ಎರಡು ತುದಿಗಳು ಎದುರಾಗುವ ಹೊತ್ತಿಗೆ ಒಂದರ ಹಾಡನ್ನು ಇನ್ನೊಂದು ತನ್ನದೆಂದು ಗುರುತಿಸುವುದೇ ಇಲ್ಲ. ಒಂದು ಜೀವಜಾತಿ ಎರಡಾಗುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಈ ಹಕ್ಕಿ ಕಣ್ಣೆದುರಿನ ಉದಾಹರಣೆ. ವಿಜ್ಞಾನಿಗಳಾದ ಡ್ಯಾರೆನ್ ಇರ್ವಿನ್, ಸ್ಟಾಫನ್ ಬೆನ್ಶ್, ಟ್ರೆವರ್ ಪ್ರೈಸ್ ಅದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು 2001ರಲ್ಲಿ. ಅದೇ ವರ್ಷ ಫೆಬ್ರವರಿ 28ಕ್ಕೆ ನಮ್ಮ ಗಣಿ ಮುಚ್ಚಿತು. ಊರಿನ ಬದುಕೇ ಮುಗಿಯಿತೆಂದು ನಾವು ಕೂತಿದ್ದ ಆ ಬೇಸಿಗೆಯಲ್ಲೂ ಈ ಹಕ್ಕಿಗಳು ನಮ್ಮ ಹೊಂಗೆಯಲ್ಲಿ ಹುಳ ಹಿಡಿದು ಉತ್ತರಕ್ಕೆ ಹೊರಟೇ ಇದ್ದಿರಬೇಕು.

ದಕ್ಷಿಣ ಭಾರತದಲ್ಲಿ ಇವುಗಳನ್ನು ಗಮನಿಸಿದವರು ಇನ್ನೊಂದು ಸಂಗತಿ ಕಂಡುಕೊಂಡಿದ್ದಾರೆ. ಚಳಿಗಾಲವಿಡೀ ಒಂದೊಂದು ಹಕ್ಕಿ ತನ್ನದೇ ಒಂದಿಷ್ಟು ಮರಗಳನ್ನು ಕಾಯ್ದುಕೊಳ್ಳುತ್ತದೆ, ಬದುಕಿದ್ದರೆ ಮರುವರ್ಷ ಅದೇ ಜಾಗಕ್ಕೆ ಮರಳುವುದೂ ಉಂಟು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಂದು ಏಪ್ರಿಲ್‌ವರೆಗೆ ಇರುವ ಹಕ್ಕಿ ವರ್ಷದ ಅರ್ಧಕ್ಕಿಂತ ಹೆಚ್ಚು ಇಲ್ಲೇ ಕಳೆಯುತ್ತದೆ. ಅದನ್ನು ಅತಿಥಿ ಎನ್ನಲು ನನಗೆ ಮನಸ್ಸಿಲ್ಲ. ಅದು ಎರಡೂ ಊರಿನದು, ಎರಡೂ ಕಡೆ ನೆಲೆ ಉಳಿದರೆ ಮಾತ್ರ ಬಾಳುತ್ತದೆ.

ನನಗೆ ಸಂಕಟವಾಗುವುದು ಇಲ್ಲೇ. ಎಲ್ಲ ಕಡೆಯೂ ಈಗ ಕೆರೆ ಅಭಿವೃದ್ಧಿ ಎಂದರೆ ಪೊದೆ ಸವರಿ, ಜೊಂಡಿಗೆ ಬೆಂಕಿ ಇಟ್ಟು, ನಡೆಯಲು ಟೈಲ್ಸ್ ಹಾಕಿ, ಲೈಟು ಕಂಬ ನೆಡುವುದು. ಏರಿಯ ಮೇಲೆ ಮರದ ಬೇರು ಇಳಿದರೆ ಏರಿಗೇ ಅಪಾಯ, ಅದು ಚೊಕ್ಕವಾಗಿರಬೇಕು, ಒಪ್ಪುತ್ತೇನೆ. ಆದರೆ ಏರಿ ಮುಗಿದ ಕಡೆ, ಕೆರೆಯಂಗಳದ ಅಂಚಿನಲ್ಲಿ ಬೆಳೆದ ಪೊದೆ ಯಾರಿಗೆ ಏನು ಮಾಡಿದೆ? ನಮ್ಮ ಕಣ್ಣಿಗೆ ಕಸವಾಗಿ ಕಾಣುವ ಆ ಜಾಲಿ ಪೊದೆ ಸೈಬೀರಿಯಾಕ್ಕೆ ಹೊರಟ ಹಕ್ಕಿಯ ಕೊನೆಯ ಊಟದ ಮನೆ. ಏಪ್ರಿಲ್ ಮುಗಿಯುವವರೆಗಾದರೂ ಮುಟ್ಟಬೇಡಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ಫೋಟೊ ತೋರಿಸಿಯೇ ಹೇಳುತ್ತೇನೆ. ಕಾಣದ ಹಕ್ಕಿಯ ಪರವಾಗಿ ಮಾತಾಡಲು ಫೋಟೊಗಿಂತ ದೊಡ್ಡ ಸಾಕ್ಷಿ ನನ್ನ ಬಳಿ ಇಲ್ಲ.

ಫೋಟೊದ ಜೊತೆ ತಾರೀಖೂ ಬರೆದಿಡುತ್ತೇನೆ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನವನ್ನೆಲ್ಲ ಸುತ್ತಿ ಹಕ್ಕಿಗಳ ಲೆಕ್ಕ ಬರೆದರು. 2007ರಲ್ಲಿ ಶುರುವಾದ 'ಮೈಗ್ರೆಂಟ್‌ವಾಚ್' ನಮ್ಮಂಥ ಸಾಮಾನ್ಯರನ್ನೂ ಕೇಳಿತು: ಚಳಿಗಾಲದ ಹಕ್ಕಿಯನ್ನು ಮೊದಲು ಕಂಡದ್ದು ಯಾವತ್ತು, ಕೊನೆಯ ಸಲ ಕಂಡದ್ದು ಯಾವತ್ತು? ಈಗ ಆ ಮಾಹಿತಿ 'ಇಬರ್ಡ್' ಜಾಲತಾಣ ಸೇರುತ್ತದೆ. ಬಂದ ದಿನ ಬರೆಯುವುದು ಸುಲಭ. ಹೋದ ದಿನ ತಿಳಿಯಬೇಕಾದರೆ ಹಕ್ಕಿ ಕಾಣದ ಬೆಳಗೂ ಹೋಗಿ ಅದೇ ಮರದ ಕೆಳಗೆ ನಿಲ್ಲಬೇಕು. ಹವಾಮಾನ ಬದಲಾಗುತ್ತಿರುವ ಕಾಲದಲ್ಲಿ ಇವು ಬೇಗ ಹೊರಡುತ್ತಿವೆಯೋ ತಡವಾಗಿ ಹೊರಡುತ್ತಿವೆಯೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಅದರ ಇನ್ನರ್ಧ ಕೆಲಸ ನಿನ್ನದು, ಮಗಳೇ. ಮೇ ಕೊನೆಯ ವಾರ ಹೆಲ್ಸಿಂಕಿಯ ವೀಕ್ಕಿಯ ಕೊಲ್ಲಿಯ ಕಡೆ ಹೋಗು, ಅಲ್ಲಿ ಹಕ್ಕಿ ನೋಡುವವರಿಗಾಗಿ ಅಟ್ಟಣೆ ಕಟ್ಟಿದ್ದಾರೆ. ರಾತ್ರಿ ಹನ್ನೊಂದರ ಮೇಲೆ, ಆಕಾಶ ಪೂರ್ತಿ ಕತ್ತಲಾಗದ ಆ ಹೊತ್ತಿನಲ್ಲಿ, ಪೊದೆಯೊಳಗಿಂದ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತ, ಒಂದೊಂದು ತುಣುಕನ್ನೂ ನಾಲ್ಕೈದು ಸಲ ಹೇಳಿ ಮುಂದೆ ಹೋಗುವ ಹಾಡು ಕೇಳಿದರೆ ಅದು ಬ್ಲಿತನ ಹಕ್ಕಿ. ಅಲ್ಲಿಯವರನ್ನು 'ವೀಟಕೆರ್ಟುನೆನ್' ಎಂದು ಕೇಳು, ತೋರಿಸುತ್ತಾರೆ. ಅಳಿಯಂದಿರನ್ನೂ ಕರೆದುಕೊಂಡು ಹೋಗು, ಒಬ್ಬಳೇ ಹೋಗಬೇಡ. ಅದು ಬೇತಮಂಗಲದ್ದೇ ಎಂದು ಹೇಳಲು ಆಗದು, ಆದರೆ ಬೇತಮಂಗಲದಂಥ ಯಾವುದೋ ಕೆರೆಯ ಪೊದೆಯಲ್ಲಿ ಬೆಳೆಸಿಕೊಂಡ ಶಕ್ತಿಯಿಂದಲೇ ಅದು ಅಲ್ಲಿಗೆ ಬಂದಿರುತ್ತದೆ.

ಇಲ್ಲಿಂದ ಕೊನೆಯ ಹಕ್ಕಿ ಹೋದ ತಾರೀಖು ನಾನು ಕಳಿಸುತ್ತೇನೆ. ಅಲ್ಲಿ ಮೊದಲ ಹಾಡು ಕೇಳಿದ ತಾರೀಖು ನೀನು ಮರೆಯದೆ ಬರೆದು ಕಳಿಸು.

ನಿನ್ನ
ಅಮ್ಮ